ಹಿಮದಂಗಳದ ಜನ: ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಚಳಿಗಾಲದ ಚಿತ್ರಗಳು

ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಭೂದೃಶ್ಯ ಚಿತ್ರಕಲೆಯ ವಿವೇಚನೆ ಸಾಮಾನ್ಯವಾಗಿ ಥಾಮಸ್ ಕೋಲ್ (1801–1848) ಮತ್ತು ಹಡ್ಸನ್ ನದಿ ಪಂಥದಿಂದ ಆರಂಭವಾಗುತ್ತದೆ. ಈ ಪಂಥದ ಕಲಾವಿದರು ಬೇಸಿಗೆಯಲ್ಲಿ ಬೆಟ್ಟ ಕಣಿವೆಗಳನ್ನು ಸುತ್ತಿ ರೇಖಾಚಿತ್ರಗಳನ್ನು ಬರೆದುಕೊಂಡು, ಚಳಿಗಾಲದಲ್ಲಿ ಚಿತ್ರಶಾಲೆಯೊಳಗೆ ಕುಳಿತು ಅವುಗಳನ್ನು ತೈಲಚಿತ್ರಗಳಾಗಿಸುತ್ತಿದ್ದರು. ಹೀಗಾಗಿ ಹಿಮದ ಋತು ಅವರಲ್ಲಿ ವಿರಳ. ಅದನ್ನು ಕಾಣಲು ಊರಿನ ಬೀದಿಗೆ, ರೈತನ ಅಂಗಳಕ್ಕೆ ಬರಬೇಕು. ಜಾನಪದ ಅಧ್ಯಯನಕ್ಕೆ ಈ ಚಿತ್ರಗಳು ಮುಖ್ಯವಾಗುವುದು ಇಲ್ಲಿಯೇ.

ಇಂಗ್ಲೆಂಡಿನಿಂದ ವಲಸೆ ಬಂದ ಫ್ರಾನ್ಸಿಸ್ ಗೈ 1819–20ರ ಸುಮಾರಿಗೆ ರಚಿಸಿದ ಬ್ರೂಕ್ಲಿನ್‌ನ ಚಳಿಗಾಲದ ದೃಶ್ಯವು ಅವನ ಮನೆಯ ಕಿಟಕಿಯಿಂದ ಕಂಡ ಬೀದಿಯ ಚಿತ್ರ. ಹಿಮದ ನಡುವೆ ಮಾತನಾಡುತ್ತ, ದುಡಿಯುತ್ತ ನಿಂತವರಲ್ಲಿ ಹಲವರು ಹೆಸರು ಹಿಡಿದು ಗುರುತಿಸಬಹುದಾದ ನೆರೆಹೊರೆಯವರು. ಆಫ್ರಿಕನ್ ಮೂಲದವರೂ ಅಲ್ಲಿದ್ದಾರೆ. ನ್ಯೂಯಾರ್ಕ್ ರಾಜ್ಯದಲ್ಲಿ ಗುಲಾಮಗಿರಿ ಕೊನೆಗೊಂಡದ್ದು 1827ರಲ್ಲಿ ಎಂಬುದನ್ನು ನೆನೆದರೆ ಈ ಬೀದಿಯ ಸಾಮಾಜಿಕ ಅರ್ಥ ಸ್ಪಷ್ಟವಾಗುತ್ತದೆ.

ಕನೆಕ್ಟಿಕಟ್‌ನ ನ್ಯೂ ಹೇವನ್‌ನ ಜಾರ್ಜ್ ಹೆನ್ರಿ ಡ್ಯೂರಿ (1820–1863) ಚಿತ್ರಿಸಿದ ಹಿಮ ಬೇರೆ ಬಗೆಯದು. ತೋಟದ ಮನೆ, ಕೊಟ್ಟಿಗೆ, ಸೌದೆಯ ರಾಶಿ, ಜಾರುಬಂಡಿ ಇವು ಅವನಲ್ಲಿ ಮತ್ತೆ ಮತ್ತೆ ಬರುತ್ತವೆ. ಆದರೆ ಇಲ್ಲಿನ ಜನರಿಗೆ ಹೆಸರಿಲ್ಲ. ಅವರು ಯಾವ ಮನೆಯವರೂ ಆಗಬಹುದು. ಈ ಅನಾಮಿಕತೆಯೇ ಅವನ ಚಿತ್ರಗಳನ್ನು ಮಾರುಕಟ್ಟೆಗೆ ಒಗ್ಗಿಸಿತು. ನ್ಯೂಯಾರ್ಕಿನ ಕರಿಯರ್ ಅಂಡ್ ಐವ್ಸ್ ಸಂಸ್ಥೆ ಅವನ್ನು ಕಲ್ಲಚ್ಚಿನಲ್ಲಿ ಮುದ್ರಿಸಿತು. ಅಲ್ಲಿ ಸಾಲಾಗಿ ಕುಳಿತ ಹೆಣ್ಣುಮಕ್ಕಳು ಒಬ್ಬೊಬ್ಬರು ಒಂದೊಂದು ಬಣ್ಣವನ್ನು ಕೈಯಿಂದ ತುಂಬುತ್ತಿದ್ದರು. ಅಗ್ಗದ ಬೆಲೆಯ ಈ ಮುದ್ರಿಕೆಗಳು ಸಾಮಾನ್ಯರ ಮನೆಗಳ ಗೋಡೆಯನ್ನೇರಿದವು.

ಈ ಮುದ್ರಿಕೆಗಳನ್ನು ಭಾವುಕವೆಂದು ತಳ್ಳಿಹಾಕುವುದು ಒಂದು ನಿಲುವು; ಗ್ರಾಮಜೀವನದ ದಾಖಲೆಯೆಂದು ಸ್ವೀಕರಿಸುವುದು ಇನ್ನೊಂದು. ಎರಡೂ ಅಸಮರ್ಪಕ. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮನೆಗೆ ಮರಳುವವರನ್ನು ತೋರಿಸುವ ಡ್ಯೂರಿಯ ಚಿತ್ರ ಮುದ್ರಣಗೊಂಡದ್ದು 1867ರಲ್ಲಿ, ಅವನು ತೀರಿಹೋದ ನಾಲ್ಕು ವರ್ಷಗಳ ಅನಂತರ. ಹಬ್ಬವನ್ನು ರಾಷ್ಟ್ರವ್ಯಾಪಿಯಾಗಿ ಆಚರಿಸುವಂತೆ ಲಿಂಕನ್ ಘೋಷಿಸಿದ್ದು 1863ರಲ್ಲಿ. ಅಂತರ್ಯುದ್ಧ ಮುಗಿದದ್ದು 1865ರಲ್ಲಿ. ಲಕ್ಷಾಂತರ ಮಂದಿ ಮರಳಿ ಬಾರದ ಕಾಲದಲ್ಲಿ, ಹಳ್ಳಿಯಿಂದ ನಗರಕ್ಕೆ ವಲಸೆ ಹೆಚ್ಚುತ್ತಿದ್ದ ಕಾಲದಲ್ಲಿ, ಈ ಚಿತ್ರ ‘ಮನೆಗೆ ಮರಳುವಿಕೆ’ಯನ್ನು ಗೋಡೆಯ ಮೇಲೆ ಶಾಶ್ವತಗೊಳಿಸಿತು. ಅದು ಇದ್ದ ಬದುಕಿನ ದಾಖಲೆ ಎನ್ನುವುದಕ್ಕಿಂತ ಬಯಸಿದ ಬದುಕಿನ ರೂಪ. ಗೈಯ ಬೀದಿಯಲ್ಲಿ ಬೆರೆತಿದ್ದ ಕಪ್ಪುಜನ ಈ ಅಂಗಳದಲ್ಲಿ ಕಾಣುವುದಿಲ್ಲವೆಂಬುದೂ ಆ ಬಯಕೆಯ ಮಿತಿಯನ್ನು ಹೇಳುತ್ತದೆ.

ಶತಮಾನದ ಕೊನೆಗೆ ಜಾನ್ ಹೆನ್ರಿ ಟ್ವಾಕ್ಟ್‌ಮನ್ (1853–1902) ಗ್ರೀನಿಚ್‌ನಲ್ಲಿನ ತನ್ನ ಮನೆಯ ಸುತ್ತಣ ಹಿಮವನ್ನು ಚಿತ್ರಿಸಿದಾಗ ಬೆಳಕು ಮತ್ತು ಮೌನವೇ ಪ್ರಧಾನವಾಗಿ, ಮನುಷ್ಯರು ಬಹುಮಟ್ಟಿಗೆ ಮರೆಯಾದರು.

ಜನಪ್ರಿಯವಾದುದೆಲ್ಲ ಜನಪದವಲ್ಲ. ಆದರೂ ಕಾರ್ಖಾನೆಯಿಂದ ಬಂದ ಚಿತ್ರವನ್ನು ಜನ ತಮ್ಮ ನೆನಪಾಗಿ ಮಾಡಿಕೊಂಡಾಗ ಜಾನಪದ ವಿದ್ವಾಂಸನು ಅದನ್ನು ಕಡೆಗಣಿಸಲಾಗದು. ಆ ನೆನಪನ್ನು ಒಪ್ಪುವ ಮುನ್ನ ಅಂಗಳದಲ್ಲಿ ಯಾರಿದ್ದಾರೆ, ಯಾರಿಲ್ಲ ಎಂದು ಕೇಳುವುದು ನಮ್ಮ ಶಿಸ್ತಿನ ಮೊದಲ ಹೊಣೆ.