ಕೆಳಗಿನಿಂದ ಬರುವ ಮಳೆ

ಜಲಪಾತದೆದುರು ಕ್ಯಾಮೆರಾವನ್ನು ತುಂತುರಿನಿಂದ ಕಾಪಾಡಲು ಬಳಕೆಯಲ್ಲಿರುವ ಉಪಾಯಗಳಲ್ಲಿ ಬಹುಪಾಲು, ನೀರು ಮೇಲಿನಿಂದಲೇ ಬೀಳುತ್ತದೆ ಎಂಬ ಎಣಿಕೆಯ ಮೇಲೆ ನಿಂತಿವೆ. ಮಳೆಗಾಲದ ಬೀದಿಗೆ ಹೊಂದುವ ಈ ಎಣಿಕೆ ಜಾಂಬಿಯಾ–ಜಿಂಬಾಬ್ವೆ ಗಡಿಯ ವಿಕ್ಟೋರಿಯಾ ಜಲಪಾತದಂಥ ಕಡೆ ಬುಡಮೇಲಾಗುತ್ತದೆ. ಅಲ್ಲಿ ಜಾಂಬೆಜಿ ನದಿ ಸುಮಾರು 1,700 ಮೀಟರ್ ಅಗಲಕ್ಕೆ ಹರಡಿಕೊಂಡು, 108 ಮೀಟರ್ ಆಳದ ಇಕ್ಕಟ್ಟಾದ ಕಮರಿಗೆ ಧುಮುಕುತ್ತದೆ. ನೀರಿನೊಡನೆ ಕೆಳಗಿಳಿದ ಗಾಳಿ ಒಡೆದ ಹನಿಗಳನ್ನು ಹೊತ್ತು ಎದುರು ಬಂಡೆಯ ಅಂಚಿಗೆ, ಅಂದರೆ ನೋಡುಗರು ನಿಲ್ಲುವ ಜಾಗಕ್ಕೇ, ಏರಿಬರುತ್ತದೆ. ಆ ಅಂಚಿನ ಮೇಲೆ ತುಂತುರೇ ಸಾಕಿ ಬೆಳೆಸಿದ ಮಳೆಕಾಡೊಂದಿದೆ ಎಂದರೆ ನೀರಿನ ಪ್ರಮಾಣ ಊಹಿಸಬಹುದು. ಜೋಗದ ಮುಖ್ಯ ವೀಕ್ಷಣಾ ತಾಣ ಜಲಪಾತದಿಂದ ದೂರವಿರುವುದರಿಂದ ಅಲ್ಲಿ ಕಾಡುವುದು ಬಹುಮಟ್ಟಿಗೆ ಮಳೆ ಮತ್ತು ಮಂಜು; ಒಂದು ಕೊಡೆ ಅರ್ಧ ಕೆಲಸವನ್ನಾದರೂ ಮಾಡುತ್ತದೆ. ವಿಕ್ಟೋರಿಯಾದಲ್ಲಿ ಕೊಡೆ ಹಿಡಿದವರು ಗಲ್ಲದ ಕೆಳಗಿನಿಂದ ನೆನೆಯುತ್ತಾರೆ.

ಮೊದಲು ಪ್ರಶ್ನಿಸಬೇಕಾದದ್ದು ಜಾಹೀರಾತುಗಳ ‘ವೆದರ್ ಸೀಲಿಂಗ್’ ಎಂಬ ಮಾತನ್ನು. ಗುಂಡಿ, ಮುಚ್ಚಳ, ಲೆನ್ಸ್ ಕೂಡುವ ಸಂದುಗಳಿಗೆ ರಬ್ಬರ್ ಅಂಚು ಕಟ್ಟಿರುವುದನ್ನು ಸೂಚಿಸುವ ಈ ಪದಕ್ಕೆ ನಿಶ್ಚಿತ ಅಳತೆಯಿಲ್ಲ. ಧೂಳು ಮತ್ತು ನೀರಿನ ತಡೆಯನ್ನು ಅಂಕಿಗಳಲ್ಲಿ ಹೇಳುವ ಐಪಿ ಎಂಬ ಅಂತರರಾಷ್ಟ್ರೀಯ ಮಾನಕವಿದ್ದರೂ ಬಹುತೇಕ ಕ್ಯಾಮೆರಾಗಳು ಅದನ್ನು ಘೋಷಿಸಿಕೊಳ್ಳುವುದಿಲ್ಲ. ಘೋಷಿಸಿಕೊಂಡ ಓಎಂ-1 ಕ್ಯಾಮೆರಾಕ್ಕೂ ಸೂಕ್ತ ಲೆನ್ಸ್ ಜೋಡಿಸಿದಾಗ ದೊರೆಯುವುದು ಐಪಿ53 ದರ್ಜೆ. ಅದರ ಎರಡನೆಯ ಅಂಕಿಯಾದ 3, ನೆಟ್ಟನೆಯ ರೇಖೆಯಿಂದ 60 ಡಿಗ್ರಿವರೆಗೆ ಓರೆಯಾಗಿ ಸಿಂಪಡಿಸಿದ ನೀರನ್ನು ತಡೆಯುತ್ತದೆ ಎಂದಷ್ಟೇ ಹೇಳುತ್ತದೆ. ಕೆಳಗಿನಿಂದ ಚಿಮ್ಮುವ ನೀರಿನ ಬಗ್ಗೆ ಅದು ಯಾವ ಭರವಸೆಯನ್ನೂ ಕೊಡುವುದಿಲ್ಲ. ದುಬಾರಿ ರೈನ್ ಕವರುಗಳದೂ ಇದೇ ಕಥೆ: ಬೆನ್ನಿಗೆ ಚೊಕ್ಕ ಹೊದಿಕೆ, ಹೊಟ್ಟೆಯ ಕಡೆ ಕೈ ತೂರಿಸಲು ಅಗಲವಾದ ಬಾಯಿ. ಅವುಗಳಿಗಿಂತ ಗಟ್ಟಿ ಪ್ಲಾಸ್ಟಿಕ್ ಚೀಲದ ತಳಕ್ಕೆ ತೂತು ಮಾಡಿ, ಲೆನ್ಸ್ ಹುಡ್ಡಿನ ಸುತ್ತ ರಬ್ಬರ್ ಬ್ಯಾಂಡಿನಿಂದ ಬಿಗಿದು, ಇನ್ನೊಂದು ತುದಿಯನ್ನು ಮಣಿಕಟ್ಟಿಗೆ ಸುತ್ತಿಕೊಳ್ಳುವ ಬಡಪಾಯಿ ವಿಧಾನವೇ ಇಲ್ಲಿ ಮೇಲು. ನೋಟಕ್ಕೆ ಅಷ್ಟೇನೂ ಗೌರವಯುತವಲ್ಲ ಎಂಬುದು ಬೇರೆ ಮಾತು.

ಆದರೆ ಚಿತ್ರ ಕೆಡುವುದು ಕ್ಯಾಮೆರಾದ ಮೈ ನೆನೆದಾಗಲ್ಲ, ಲೆನ್ಸಿನ ಮುಂಗಾಜಿನ ಮೇಲೆ ಹನಿ ಕೂತಾಗ. ಆ ಗಾಜನ್ನು ಯಾವ ಹೊದಿಕೆಯೂ ಮುಚ್ಚುವಂತಿಲ್ಲ. ನೀರನ್ನು ಹಾಲಿನಂತೆ ನುಣುಪಾಗಿ ತೋರಿಸಲು ಛಾಯಾಗ್ರಾಹಕರು ಬೆಳಕಿನ ಕಿಂಡಿಯನ್ನು ಎಫ್/16ರಷ್ಟು ಕಿರಿದು ಮಾಡಿ, ಷಟರನ್ನು ಒಂದು ಸೆಕೆಂಡಿನಷ್ಟು ಹೊತ್ತು ತೆರೆದಿಡುವ ರೂಢಿಯಿದೆ. ಕಿಂಡಿ ಅಗಲವಾಗಿದ್ದರೆ ಗಾಜಿನ ಮೇಲಿನ ಹನಿ ಕರಗಿ ಬರೀ ಮಬ್ಬಾಗುತ್ತದೆ. ಕಿರಿದಾದಾಗ, ಅದರಲ್ಲೂ ವೈಡ್ ಆಂಗಲ್ ಲೆನ್ಸಿನಲ್ಲಿ, ಅದೇ ಹನಿ ಅಂಚುಳ್ಳ ಕಲೆಯಾಗಿ ಮೂಡುತ್ತದೆ. ಹೀಗೆ ತುಂತುರಿನ ನಡುವೆ ಹಾಲಿನ ಧಾರೆಯ ಹಂಬಲವೇ ರಕ್ಷಣೆಯ ಅರ್ಧ ಶ್ರಮವನ್ನು ವ್ಯರ್ಥಗೊಳಿಸುತ್ತದೆ. ಷಟರಿನ ವೇಗ ಹೆಚ್ಚಿಸಿ, ಬೆನ್ನನ್ನು ಗಾಳಿಗೆ ಒಡ್ಡಿ ಗಾಜು ಒರೆಸಿ, ತಿರುಗಿದೊಡನೆ ಒಂದೆರಡು ಚಿತ್ರ ತೆಗೆದು ಮತ್ತೆ ಮರೆಯಾಗುವುದು ಲೇಸು. ಒರೆಸುವ ಬಟ್ಟೆ ಮೂರ್ನಾಲ್ಕಾದರೂ ಇರಬೇಕು: ಒದ್ದೆಯಾದ ಬಟ್ಟೆ ಹನಿಯನ್ನು ತೆಗೆಯುವುದಿಲ್ಲ, ಹರಡುತ್ತದೆ.

ಮುಚ್ಚಿಡುವುದರಲ್ಲೂ ಅಪಾಯವಿದೆ. ಎಸಿ ಕೋಣೆಯಲ್ಲಿ ತಣ್ಣಗಾದ ಕ್ಯಾಮೆರಾವನ್ನು ತೇವದ ಬಿಸಿಗಾಳಿಗೆ ಒಮ್ಮೆಲೇ ತಂದರೆ ಗಾಜಿನ ಮೇಲೆ ಮಂಜು ಕೂರುತ್ತದೆ. ನೆನೆದದ್ದನ್ನು ಚೀಲದಲ್ಲೇ ರಾತ್ರಿಯಿಡೀ ಬಿಟ್ಟರೆ ತೇವ ಒಳಗೇ ಸಿಕ್ಕಿ, ಮುಂದೆ ಲೆನ್ಸಿಗೆ ಬೂಷ್ಟು ಹಿಡಿಯಲು ದಾರಿಯಾಗುತ್ತದೆ. ಅಕ್ಕಿ ಡಬ್ಬಿಯಲ್ಲಿ ಹೂತಿಡುವ ಜನಪ್ರಿಯ ಚಿಕಿತ್ಸೆಯಿಂದ ಸಂದುಗಳಿಗೆ ಅಕ್ಕಿಯ ಹುಡಿ ಸೇರೀತು. ಬ್ಯಾಟರಿ ತೆಗೆದು, ಗಾಳಿಯಾಡುವಲ್ಲಿ ಆರಗೊಟ್ಟು, ಬಳಿಕ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಇಡುವುದು ವಾಸಿ. ಸಮುದ್ರದ ಉಪ್ಪು ಇಲ್ಲಿಲ್ಲವೆಂಬುದಷ್ಟೇ ಸಮಾಧಾನ.

ಈ ಚರ್ಚೆಯಲ್ಲಿ ತೀರ ಕಡಿಮೆ ಗಮನ ಪಡೆಯುವ ಉಪಾಯವೆಂದರೆ ತಿಂಗಳ ಆಯ್ಕೆ. ಜಾಂಬೆಜಿ ತುಂಬಿ ಹರಿಯುವ ಏಪ್ರಿಲ್ ಹೊತ್ತಿಗೆ ತುಂತುರು ಜಲಪಾತವನ್ನೇ ಮರೆಮಾಡುವುದರಿಂದ, ಎಷ್ಟು ಜತನದಿಂದ ಒಣಗಿಟ್ಟ ಕ್ಯಾಮೆರಾವೂ ಬಿಳಿ ಗೋಡೆಯೊಂದನ್ನು ಮಾತ್ರ ಸೆರೆಹಿಡಿಯುತ್ತದೆ. ಅಕ್ಟೋಬರ್–ನವೆಂಬರಿನಲ್ಲಿ ಜಾಂಬಿಯಾ ಬದಿಯ ಬಂಡೆಯ ಬಹುಭಾಗ ಬರಿದಾಗುತ್ತದೆ. ಆಗ ಹೊದಿಕೆಯೂ ಬೇಡ, ಅತ್ತ ತೆಗೆಯಲು ಧಾರೆಯೂ ಇರದು.