ಬಡ್ ಪೊವೆಲ್‌ನ ಆರಂಭಿಕ ಪಿಯಾನೊ ವಾದನ ಮತ್ತು ಮೌಖಿಕ ಪರಂಪರೆ

ಕಲಾವಿದರ ಜೀವನಚಿತ್ರಣಗಳಲ್ಲಿ 'ಸಂಗೀತದ ಮನೆತನದಲ್ಲಿ ಹುಟ್ಟಿದವನು' ಎಂಬ ಮಾತು ಮೊದಲ ವಾಕ್ಯದಲ್ಲಿ ಬಂದು ಅಲ್ಲಿಗೇ ಮುಗಿದುಬಿಡುತ್ತದೆ. ಆ ಮನೆ ಏನನ್ನು ಕಲಿಸಿತು, ಏನನ್ನು ಕಲಿಸಲಾರದೆ ಹೋಯಿತು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಅಮೆರಿಕದ ಜಾಝ್ ಪಿಯಾನೊ ವಾದಕ ಬಡ್ ಪೊವೆಲ್‌ನನ್ನು (೧೯೨೪-೧೯೬೬) ಕುರಿತ ವಿಮರ್ಶೆಯಲ್ಲಿಯೂ ಈ ಕೊರತೆಯಿದೆ.

ಪೊವೆಲ್ ಹುಟ್ಟಿದ್ದು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ. ತಂದೆ 'ಸ್ಟ್ರೈಡ್' ಶೈಲಿಯ ಪಿಯಾನೊ ವಾದಕ. ಅಣ್ಣ ಟ್ರಂಪೆಟ್ ನುಡಿಸುತ್ತಿದ್ದ. ತಮ್ಮ ರಿಚಿಯೂ ಪಿಯಾನೊ ವಾದಕನಾದ. ಬಾಲಕನಿಗೆ ಐದರ ಪ್ರಾಯದಿಂದಲೇ ಸ್ವರಲಿಪಿಯ ಮೂಲಕ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಶಿಕ್ಷಣ ದೊರೆಯಿತು. ಸ್ಟ್ರೈಡ್‌ನ ದಾರಿ ಬೇರೆ. ದುಬಾರಿ ಬಾಡಿಗೆಯ ಹಾರ್ಲೆಮ್‌ನಲ್ಲಿ ಅತಿಥಿಗಳಿಂದ ಅಲ್ಪಸ್ವಲ್ಪ ಹಣ ಪಡೆದು ಮನೆಗಳಲ್ಲಿ ನಡೆಸುತ್ತಿದ್ದ 'ಬಾಡಿಗೆ ಕೂಟ'ಗಳಲ್ಲಿ, ವಾದಕರ ನಡುವಿನ ಪೈಪೋಟಿಯಲ್ಲಿ ಬೆಳೆದ ಕಲೆ ಅದು. ಎಡಗೈ ಒಮ್ಮೆ ಮಂದ್ರಸ್ವರವನ್ನು, ಮರುಕ್ಷಣ ನಡುಸ್ಥಾಯಿಯ ಸ್ವರಗುಚ್ಛವನ್ನು ಹಿಡಿಯುತ್ತ ಲಯವನ್ನು ಹೊರಬೇಕು. ಅದನ್ನು ಬಹುಮಟ್ಟಿಗೆ ಕಂಡು, ಕೇಳಿ ಕಲಿಯಬೇಕಾಗಿತ್ತು.

ಚಾರ್ಲಿ ಪಾರ್ಕರ್‌ನ ಸ್ಯಾಕ್ಸಫೋನ್ ವಾದನವನ್ನು ಪಿಯಾನೊಗೆ ತಂದವನು ಪೊವೆಲ್, ಅವನ ಎಡಗೈ ದುರ್ಬಲ ಎಂಬುದು ಬಹುಕಾಲದಿಂದ ಬಂದಿರುವ ಅಭಿಪ್ರಾಯ. ಇದು ಅರ್ಧಸತ್ಯ. ಕರ್ಲಿ ರಸೆಲ್ ಮತ್ತು ಮ್ಯಾಕ್ಸ್ ರೋಚ್ ಅವರೊಡನೆ ೧೯೪೭ರ ಜನವರಿಯಲ್ಲಿ ಮಾಡಿದ ತ್ರಿವಾದನದ ಮುದ್ರಿಕೆಗಳಲ್ಲಿ ಬಲಗೈಯ ನುಡಿಗಟ್ಟುಗಳು ಊದುವಾದ್ಯದವನ ಉಸಿರಿನಂತೆ ಉದ್ದವಾಗಿ ಹರಿದು ನಿಲ್ಲುವುದು ನಿಜ. ಲಯದ ಹೊಣೆಯನ್ನು ಬೇಸ್ ವಹಿಸಿಕೊಂಡುದರಿಂದ ಎಡಗೈ ಎರಡು ಮೂರು ಸ್ವರಗಳನ್ನಷ್ಟೇ ಅಲ್ಲಲ್ಲಿ ಇಡುತ್ತದೆ. ಆದರೆ ಆ ಸ್ವರಗಳಾದರೂ ಯಾವುವು? ಹಲವೆಡೆ ಸ್ವರಗುಚ್ಛದ ಮೂಲಸ್ವರ ಮತ್ತು ಅದರ ಏಳನೆಯ ಇಲ್ಲವೆ ಹತ್ತನೆಯ ಸ್ವರ. ಹತ್ತನೆಯ ಸ್ವರದವರೆಗೆ ಬೆರಳು ಚಾಚುವುದು ಸ್ಟ್ರೈಡ್ ವಾದಕರ ರೂಢಿ. ಎಲ್ಲವನ್ನೂ ನುಡಿಸಬಲ್ಲವನು ಬೇಕಾದುದನ್ನು ಮಾತ್ರ ಉಳಿಸಿಕೊಂಡಿದ್ದಾನೆ. ತಂದೆಯ ಶೈಲಿ ಇಲ್ಲಿ ಅಳಿದಿಲ್ಲ, ಸಂಕ್ಷಿಪ್ತಗೊಂಡಿದೆ.

ಮನೆ ಕೊಡಲಾರದ ನುಡಿಗಟ್ಟನ್ನು ಕೊಟ್ಟದ್ದು ಮಿಂಟನ್ಸ್ ಪ್ಲೇಹೌಸ್ ಎಂಬ ಕ್ಲಬ್ಬು. ಅಲ್ಲಿ ಅವನಿಗಿಂತ ಏಳು ವರ್ಷ ಹಿರಿಯನಾದ ಥೆಲೋನಿಯಸ್ ಮಾಂಕ್ ಅವನ ಬೆಂಬಲಕ್ಕೆ ನಿಂತ. ಜಾನಪದ ವಿದ್ವಾಂಸರು ಗಮನಿಸಬೇಕಾದ ಸಂಗತಿ ಇಲ್ಲಿದೆ. ಮಾಂಕ್‌ನ 'ರೌಂಡ್ ಮಿಡ್‌ನೈಟ್' ಮೊದಲು ಮುದ್ರಣಗೊಂಡದ್ದು ೧೯೪೪ರಲ್ಲಿ ಕೂಟಿ ವಿಲಿಯಮ್ಸ್‌ನ ವಾದ್ಯವೃಂದದಿಂದ. ಪಿಯಾನೊದ ಮುಂದೆ ಇದ್ದವನು ಹತ್ತೊಂಬತ್ತರ ಪೊವೆಲ್. 'ಆಫ್ ಮೈನರ್' ಕೂಡ ಮೊದಲು ಪೊವೆಲ್‌ನ ೧೯೪೭ರ ಜನವರಿಯ ಮುದ್ರಿಕೆಯಲ್ಲಿ ಬಂದಿತು. ಮಾಂಕ್ ಅದನ್ನು ಮುದ್ರಿಸಿದ್ದು ಅದೇ ವರ್ಷದ ಕೊನೆಯ ಭಾಗದಲ್ಲಿ. ಅಂದರೆ ಕೃತಿಯು ಕರ್ತೃವಿನ ಮುದ್ರೆ ಬೀಳುವ ಮೊದಲೇ ಕೈಯಿಂದ ಕೈಗೆ ಸಾಗಿತ್ತು. ಮಿಲ್ಮನ್ ಪ್ಯಾರಿ ಮತ್ತು ಆಲ್ಬರ್ಟ್ ಲಾರ್ಡ್ ಅವರ ಮೌಖಿಕ ಸೂತ್ರ ಸಿದ್ಧಾಂತವನ್ನು ಇಲ್ಲಿ ಅನ್ವಯಿಸುವ ಆಸೆ ಸಹಜ. ತಿಳಿದ ಹಾಡಿನ ಸ್ವರಚೌಕಟ್ಟು, ಮರಳಿ ಬರುವ ನುಡಿಗಟ್ಟು ಎರಡೂ ಇವೆ. ಆದರೆ ಕಥನ ಕಾವ್ಯದ ಕೇಳುಗನಿಗೆ ತಿಳಿದ ಕಥೆಯೇ ಮತ್ತೆ ಬೇಕು. ಜಾಝ್ ಕೇಳುಗ ಅದೇ ಚೌಕಟ್ಟಿನ ಮೇಲೆ ಹೊಸ ರಾಗಗತಿಯನ್ನು ನಿರೀಕ್ಷಿಸುತ್ತಾನೆ. ಸಿದ್ಧಾಂತ ಅರ್ಧ ದಾರಿಯವರೆಗೆ ಮಾತ್ರ ಬರುತ್ತದೆ.

೧೯೪೫ರ ಜನವರಿಯಲ್ಲಿ ಫಿಲಡೆಲ್ಫಿಯಾದಲ್ಲಿ ಪೊಲೀಸರ ಹೊಡೆತ ಪೊವೆಲ್‌ನ ತಲೆಗೆ ಬಿದ್ದಿತು. ೧೯೪೭ರ ಕೊನೆಗೆ ಅವನು ಮತ್ತೆ ಆಸ್ಪತ್ರೆ ಸೇರಿ, ಹೆಚ್ಚು ಕಡಿಮೆ ಒಂದು ವರ್ಷ ಅಲ್ಲಿಯೇ ಇರಬೇಕಾಯಿತು. ಈ ದುರಂತವನ್ನೇ ಪ್ರತಿಭೆಯ ಮೂಲವೆಂಬಂತೆ ಚಿತ್ರಿಸುವ ಬರಹಗಳು ಅವನ ಕಲಿಕೆಯನ್ನು ಮರೆಮಾಚುತ್ತವೆ, ಹಿಂಸೆಯನ್ನೂ ಅಲಂಕಾರವಾಗಿಸುತ್ತವೆ. ಜನವರಿಯ ಮುದ್ರಿಕೆಗಳಲ್ಲಿ ಕೇಳುವುದು ಉನ್ಮಾದವಲ್ಲ, ಅಭ್ಯಾಸ.

ತಮ್ಮ ರಿಚಿ ಕ್ಲಿಫರ್ಡ್ ಬ್ರೌನ್-ಮ್ಯಾಕ್ಸ್ ರೋಚ್ ತಂಡದಲ್ಲಿ ಪಿಯಾನೊ ನುಡಿಸಿ, ಅದರ ಕೃತಿಗಳಿಗೆ ವಾದ್ಯಸಂಯೋಜನೆಯನ್ನೂ ಮಾಡಿದ. ೧೯೫೬ರ ಜೂನ್‌ನಲ್ಲಿ, ಇಪ್ಪತ್ತನಾಲ್ಕರ ಪ್ರಾಯದಲ್ಲಿ, ಬ್ರೌನ್‌ನೊಡನೆ ಕಾರು ಅಪಘಾತದಲ್ಲಿ ಮಡಿದ. ಒಂದೇ ಮನೆಯ ಈ ಇಬ್ಬರ ಎಡಗೈಗಳನ್ನು ಅಕ್ಕಪಕ್ಕದಲ್ಲಿಟ್ಟು ಕೇಳಿದರೆ 'ಮನೆತನ' ಎಂಬ ಪದಕ್ಕೆ ಇಲ್ಲಿ ಎಷ್ಟು ಅರ್ಥವಿದೆ ಎಂಬುದು ತಿಳಿದೀತು. ಅದಕ್ಕೆ ಬೇಕಾದ ಮುದ್ರಿಕೆಗಳು ಲಭ್ಯವಿವೆ.