ಅನ್‌ನೋನ್ ಆರ್ಟಿಸ್ಟ್ ಎಂಬ ಗಾಯಕ

ನನ್ನ ಸಂಗ್ರಹದಲ್ಲಿ ಅತಿ ಹೆಚ್ಚು ಧ್ವನಿಮುದ್ರಣಗಳಿರುವ ಗಾಯಕನ ಹೆಸರು ಅನ್‌ನೋನ್ ಆರ್ಟಿಸ್ಟ್. ನಾಲ್ಕು ಹಾರ್ಡ್‌ಡಿಸ್ಕುಗಳಲ್ಲಿ ಹರಡಿರುವ ಹಿಂದೂಸ್ತಾನಿ ಸಂಗೀತವನ್ನೆಲ್ಲ ಒಂದೇ ಪ್ಲೇಯರಿಗೆ ತೋರಿಸಿ, ಕಲಾವಿದರ ಪ್ರಕಾರ ಜೋಡಿಸು ಎಂದರೆ ಮಲ್ಲಿಕಾರ್ಜುನ ಮನ್ಸೂರರಿಗಿಂತ, ಭೀಮಸೇನ ಜೋಶಿಯವರಿಗಿಂತ ಉದ್ದದ ಪಟ್ಟಿ ಈತನದೇ. ಈತ ಕಿರಾಣಾವನ್ನೂ ಹಾಡುತ್ತಾನೆ, ಜೈಪುರವನ್ನೂ ಹಾಡುತ್ತಾನೆ. ಒಮ್ಮೆ ಹೆಣ್ಣುದನಿ, ಒಮ್ಮೆ ಗಂಡುದನಿ. ನಡುನಡುವೆ ಸಿತಾರನ್ನೂ ಬಾರಿಸುತ್ತಾನೆ. ಈತ ಮತ್ತೆ ಮತ್ತೆ ಹಾಡುವ ಚೀಜಿನ ಹೆಸರು ಟ್ರ್ಯಾಕ್ 01.

ಈ ನಾಲ್ಕರಲ್ಲಿ ನಾನೇ ತುಂಬಿಸಿದ್ದು ಎರಡು. ಮೂರನೆಯದು, ಸಂಗೀತದ ಗೀಳು ಹತ್ತಿದ್ದ ಹಿರಿಯರೊಬ್ಬರು ತಮ್ಮ ಕ್ಯಾಸೆಟ್ಟುಗಳನ್ನು ವರ್ಷಗಟ್ಟಲೆ ಕೂತು ಕಂಪ್ಯೂಟರಿಗೆ ಇಳಿಸಿ, 'ಕಾಪಿ ಮಾಡ್ಕೊಂಡು ತಿರುಗಿ ಕೊಡ್ರಿ' ಎಂದು ಕೊಟ್ಟದ್ದರ ನಕಲು. ನಾಲ್ಕನೆಯದು ಯಾರಿಂದ ಯಾರ ಕೈಗೆ ಹೋಗಿ ನನ್ನಲ್ಲಿಗೆ ಬಂತೋ, ಮೂವರ ಆಚೆಗೆ ಲೆಕ್ಕ ಸಿಗುವುದಿಲ್ಲ. ಧಾರವಾಡ, ಹುಬ್ಬಳ್ಳಿ, ಬೆಳಗಾವಿಯ ಕೇಳುಗರ ನಡುವೆ ಖಯಾಲು ಹೀಗೂ ಓಡಾಡಿದೆ: ಮನೆಯ ಬೈಠಕ್ಕಿನಲ್ಲಿ ಹಾರ್ಮೋನಿಯಮ್ಮಿನ ಪಕ್ಕ ಇಟ್ಟ ಟೇಪ್‌ರೆಕಾರ್ಡರಿನಿಂದ, ಬೆಳಗಿನ ರೇಡಿಯೋದಿಂದ ಕ್ಯಾಸೆಟ್ಟಿಗೆ; ಅಲ್ಲಿಂದ ಸಿಡಿಗೆ; ಸಿಡಿಯಿಂದ ಎಂಪಿ3 ಆಗಿ ಡಿಸ್ಕಿಗೆ. 128 ಕೆಬಿಪಿಎಸ್ ಎಂಪಿ3ಯಲ್ಲಿ ಒಂದು ನಿಮಿಷದ ಹಾಡಿಗೆ ಹೆಚ್ಚುಕಡಿಮೆ ಒಂದು ಎಂಬಿ ಸಾಕು. ಆ ಲೆಕ್ಕದಲ್ಲಿ ಅಂಗಿಯ ಜೇಬಿನಲ್ಲಿ ಹಿಡಿಯುವ 500 ಜಿಬಿಯ ಡಿಸ್ಕಿನಲ್ಲಿ ಸುಮಾರು 8,600 ಗಂಟೆಗಳ ಸಂಗೀತ ಕೂರುತ್ತದೆ. ಹಗಲು ರಾತ್ರಿ ಬಿಡದೆ ಕೇಳಿದರೂ ಮುಗಿಯಲು ಒಂದು ವರ್ಷ ಬೇಕು. ಅಂದರೆ ಇದು ಕೇಳಿ ಮುಗಿಸುವ ಸಂಗ್ರಹವಲ್ಲ, ಅಡ್ಡಾಡುವ ಸಂಗ್ರಹ.

ಅಡ್ಡಾಡುವುದಕ್ಕೂ ಹುಡುಕುವುದಕ್ಕೂ ಇರುವ ವ್ಯತ್ಯಾಸವೇ ನನ್ನ ಮುಖ್ಯ ಮಾತು. ಇವತ್ತಿನ ಸ್ಟ್ರೀಮಿಂಗ್ ಸೇವೆಗಳಲ್ಲಿ ನಾವು ಹುಡುಕುತ್ತೇವೆ. ಹುಡುಕಲು ಹೆಸರು ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ, ನಾವು ಈಗಾಗಲೇ ಕೇಳಿದ್ದನ್ನು ಹೋಲುವ ಇನ್ನೊಂದನ್ನು ಅವೇ ಮುಂದಿಡುತ್ತವೆ. ಅಡ್ಡಾಡುವಾಗ ಮಾತ್ರ ನಾವು ಕೇಳದೇ ಇದ್ದದ್ದು ಎದುರಾಗುತ್ತದೆ. ಆದರೆ ಅದು ಯಾವುದರ ಪಕ್ಕದಲ್ಲಿ ಎದುರಾಗುತ್ತದೆ ಎನ್ನುವುದು ಜೋಡಣೆಯನ್ನು ಅವಲಂಬಿಸಿದೆ. ಯಾವುದನ್ನು ಯಾವುದರ ಪಕ್ಕ ಇಡಬೇಕು ಎಂದು ತೀರ್ಮಾನಿಸುವುದು ವಿಮರ್ಶೆಯ ಮೊದಲ ಕೆಲಸ. ಹಾಗಾದರೆ ನನ್ನ ಡಿಸ್ಕುಗಳಲ್ಲಿ ಆ ಕೆಲಸವನ್ನು ಯಾರು ಮಾಡಿದ್ದಾರೆ?

ಅದರ ಬಹುಪಾಲನ್ನು ಮಾಡಿದ್ದು ಐಡಿ3 ಎಂಬ ಪುಟ್ಟ ಚೀಟಿ. 1996ರಲ್ಲಿ ಹುಟ್ಟಿದ ಇದರ ಮೊದಲ ರೂಪ ಎಂಪಿ3 ಫೈಲಿನ ಕಟ್ಟಕಡೆಗೆ ಅಂಟಿಸಿದ 128 ಬೈಟುಗಳು, ಅಷ್ಟೇ. ಹಾಡಿನ ಹೆಸರಿಗೆ 30 ಅಕ್ಷರ, ಕಲಾವಿದನಿಗೆ 30, ಆಲ್ಬಮ್ಮಿಗೆ 30, ಇಸವಿಗೆ 4, ಷರಾಕ್ಕೆ 30. ಕೊನೆಯ ಒಂದು ಬೈಟಿನಲ್ಲಿ ಪ್ರಕಾರ. ಪ್ರಕಾರಗಳ ಮೊದಲ ಪಟ್ಟಿಯಲ್ಲಿ 80 ಹೆಸರುಗಳಿದ್ದವು. ಪೋಲ್ಕಾಕ್ಕೆ ಜಾಗವಿತ್ತು, ಕ್ರಿಶ್ಚಿಯನ್ ರ‍್ಯಾಪಿಗೆ ಜಾಗವಿತ್ತು. ಖಯಾಲಿಗೆ ಇರಲಿಲ್ಲ. ಮನ್ಸೂರರು ಒಂದು ಡಿಸ್ಕಿನಲ್ಲಿ ಕ್ಲಾಸಿಕಲ್ ಆಗಿ ಬೀಥೋವನ್ನನ ಜೊತೆಗಿದ್ದಾರೆ, ಇನ್ನೊಂದರಲ್ಲಿ ಎಥ್ನಿಕ್, ಮತ್ತೊಂದರಲ್ಲಿ ಅದರ್. 1998ರಲ್ಲಿ ಬಂದ ಎರಡನೆಯ ರೂಪ ಸಾಕಷ್ಟು ಉದಾರವಾಯಿತು: ಯೂನಿಕೋಡಿಗೆ ಅವಕಾಶ ಬಂತು, ಸಂಯೋಜಕ, ವಾದ್ಯವೃಂದದ ನಿರ್ದೇಶಕ, ನಿಮಿಷಕ್ಕೆ ಎಷ್ಟು ಪೆಟ್ಟು, ಎಲ್ಲಕ್ಕೂ ಖಾನೆಗಳು ಬಂದವು. ರಾಗಕ್ಕೆ ತನ್ನದೇ ಖಾನೆ ಆಗಲೂ ಬರಲಿಲ್ಲ. ತಾಳಕ್ಕೂ ಇಲ್ಲ, ತಬಲಾದವನಿಗೂ ಇಲ್ಲ.

ಇದನ್ನು ಪಶ್ಚಿಮದ ಪಿತೂರಿ ಎಂದು ದೂರುವ ಆಸೆ ನನಗಿಲ್ಲ. ಸಿಡಿಯಲ್ಲಿ ಬಂದ ಪಾಪ್ ಹಾಡನ್ನು ಗುರುತಿಸಲು ಮಾಡಿದ ಚೀಟಿ ಅದು. ಆ ಕೆಲಸವನ್ನು ಚೆನ್ನಾಗಿಯೇ ಮಾಡಿತು. ಅದೂ ಅಲ್ಲದೆ ಹಾಡಿನ ಕೊನೆಗೆ ಹೆಸರು ಅಂಟಿಸುವುದು ನಮಗೆ ಹೊಸದೇನಲ್ಲ. 1902ರಲ್ಲಿ ಫ್ರೆಡ್ ಗೈಸ್‌ಬರ್ಗ್ ಕಲಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿಕೊಂಡಾಗ, ಹಾಡು ಮುಗಿದ ಕೂಡಲೇ ಅವರು ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳಿದರು. ಮೂಲ ಮುದ್ರಣಗಳು ತಟ್ಟೆಗಳಾಗಲು ಜರ್ಮನಿಯ ಹ್ಯಾನೋವರಿಗೆ ಹೋಗಬೇಕಿತ್ತು. ಅಲ್ಲಿನ ಕೆಲಸಗಾರರಿಗೆ ಇದು ಯಾರ ದನಿ ಎಂದು ತಿಳಿಯಲಿ ಎಂಬ ಏರ್ಪಾಡು ಅದು. ನಮ್ಮ ಸಂಗೀತದ ಮೊದಲ ಟ್ಯಾಗನ್ನು ಗಾಯಕಿಯೇ ಬಾಯಿಬಿಟ್ಟು ಹೇಳಿದ್ದಾರೆ. ಮೂರು ನಿಮಿಷದ ಹಾಡನ್ನು ಅವಸರದಲ್ಲಿ ಮುಗಿಸಿ, ಇನ್ನೂ ಏದುಸಿರಿನಲ್ಲಿರುವಂತೆ ಕೇಳುವ ಆ ದನಿಯಲ್ಲಿ ಒಂದು ಠೀವಿಯಿದೆ. ನನ್ನ ಎರಡನೆಯ ಡಿಸ್ಕಿನಲ್ಲಿರುವ ಅವರ ಒಂದು ಪ್ರತಿಯಲ್ಲಿ ಯಾರೋ ಕರಕರ ಸದ್ದು ತೆಗೆಯುವಾಗ ಕೊನೆಯ ಆ ಮಾತನ್ನೂ ಕತ್ತರಿಸಿದ್ದಾರೆ. ಫೈಲಿನ ಟ್ಯಾಗಿನಲ್ಲಿ ಮಾತ್ರ ಹೆಸರು ಅಚ್ಚುಕಟ್ಟಾಗಿದೆ.

ಜೋಡಣೆಯ ವಿಷಯಕ್ಕೆ ಮರಳಿ ಬರೋಣ. ರಾಗಗಳನ್ನು ಅಕಾರಾದಿಯಾಗಿ ಇಟ್ಟರೆ ನಡುರಾತ್ರಿಯ ಅಡಾಣಾದ ಬೆನ್ನಿಗೆ ಬೆಳಗಿನ ಅಹಿರ್ ಭೈರವ ಬರುತ್ತದೆ. ದಿನದ ಹೊತ್ತಿಗೆ ಕಟ್ಟಿಕೊಂಡ ಸಂಗೀತವನ್ನು ಅಕ್ಷರಕ್ಕೆ ಕಟ್ಟಿದಾಗ ಹೀಗೆ ಆಗದೆ ವಿಧಿಯಿಲ್ಲ. ಸಿಡಿಯ ಕಾಲದಲ್ಲಿ ವಿಲಂಬಿತ್ ಒಂದು ಟ್ರ್ಯಾಕು, ದ್ರುತ್ ಇನ್ನೊಂದು ಟ್ರ್ಯಾಕು ಎಂದು ಕತ್ತರಿಸಿದ್ದರಿಂದ, ಷಫಲ್ ಒತ್ತಿದರೆ ಮೊದಲು ದ್ರುತ್ ಬಂದು, ನಾಲ್ಕು ಠುಮರಿಗಳಾದ ಮೇಲೆ ವಿಲಂಬಿತ್ ಬಂದರೂ ಬಂತು. ಹೆಸರಿನ ಕಾಗುಣಿತದ ಪಾಡು ಬೇರೆ. ಮನ್ಸೂರರನ್ನು ಇಂಗ್ಲಿಷಿನಲ್ಲಿ ಒಬ್ಬರು ಒಂದು ಯು ಹಾಕಿ ಬರೆದರೆ ಇನ್ನೊಬ್ಬರು ಎರಡು ಓ ಹಾಕಿ ಬರೆದಿದ್ದಾರೆ. ಪಂಡಿತ್ ಎಂದು ಶುರುವಾದವರು ಪಿ ಅಕ್ಷರದ ಕೆಳಗೆ ಕೂತಿದ್ದಾರೆ. ಒಬ್ಬ ಗಾಯಕ ಐದು ಜನರಾಗಿದ್ದಾರೆ.

ಇವು ನಗಿಸುವ ತಪ್ಪುಗಳು. ಇದಕ್ಕಿಂತ ಆಳದ ತೊಡಕನ್ನು ನನಗೆ ತೋರಿಸಿದ್ದು ಗಂಗೂಬಾಯಿ ಹಾನಗಲ್. ಅವರ ಹೆಸರಿನ ಫೋಲ್ಡರಿನಲ್ಲಿ ಒಂದೆಡೆ ಆ ಪ್ರಸಿದ್ಧ ಗಂಭೀರ ದನಿಯಿದೆ: ಸ್ವರದ ಮೇಲೆ ಪೂರ್ತಿ ಭಾರ ಬಿಟ್ಟು, ಅವಸರವಿಲ್ಲದೆ, ಒಂದೊಂದೇ ಮೆಟ್ಟಿಲು ಹತ್ತುವ ಕಿರಾಣಾದ ಬಢತ್. ಅದರ ಪಕ್ಕದಲ್ಲೇ 78 ಆರ್‌ಪಿಎಂ ತಟ್ಟೆಗಳಿಂದ ಇಳಿಸಿದ ಒಂದಿಷ್ಟು ಹಾಡುಗಳಿವೆ. ಅದರಲ್ಲಿ ಜಿ.ಎನ್. ಜೋಶಿಯವರ ಜೊತೆ ಹಾಡಿದ ಮರಾಠಿ ಭಾವಗೀತೆಯೂ ಒಂದು. ದನಿ ಎತ್ತರದ್ದು, ತೆಳುವಾದದ್ದು, ಚುರುಕಾದದ್ದು. ಮೊದಲ ಸಲ ಕೇಳಿದಾಗ ಯಾರೋ ತಪ್ಪು ಹೆಸರು ಹಾಕಿದ್ದಾರೆ ಎಂದು ಅದನ್ನು ಅನ್‌ನೋನ್ ಆರ್ಟಿಸ್ಟಿನ ಕಡೆಗೆ ಎಳೆದು ಹಾಕಿದ್ದೆ. ತಪ್ಪು ನನ್ನದು. ಗಂಟಲಿನ ಚಿಕಿತ್ಸೆಯ ನಂತರ ಅವರ ದನಿ ಬದಲಾಯಿತು ಎಂದು ಓದಿದ್ದೆ. ಓದಿದ್ದು ಕಿವಿಗೆ ಇಳಿದಿರಲಿಲ್ಲ. ಹಳೆಯ ಕೆಲವು ತಟ್ಟೆಗಳ ಮೇಲೆ ಅವರ ಹೆಸರೂ ಬೇರೆ, ಗಾಂಧಾರಿ ಎಂದು. ಹೆಸರು ಬದಲಾಗಿದೆ, ದನಿ ಬದಲಾಗಿದೆ, ಹಾಡುವ ಬಗೆ ಬದಲಾಗಿದೆ. ಕಲಾವಿದ ಎಂಬ ಖಾನೆ ಮಾತ್ರ ಮನುಷ್ಯರು ಒಂದೇ ಹೆಸರಿಗೆ, ಒಂದೇ ದನಿಗೆ ಕಡೆತನಕ ಅಂಟಿಕೊಂಡಿರುತ್ತಾರೆ ಎಂದು ನಂಬಿದೆ. ಆ ಎರಡು ದನಿಗಳನ್ನು ಒಂದರ ಹಿಂದೆ ಒಂದರಂತೆ ಕೇಳಿದ ಸಂಜೆ, ಇದ್ದ ದನಿಯನ್ನು ಕಳೆದುಕೊಂಡ ಗಾಯಕಿ ಹೊಸ ದನಿಗೆ ತಕ್ಕ ಸಂಗೀತವನ್ನು ಕಟ್ಟಿಕೊಳ್ಳುವುದೆಂದರೆ ಏನೆಂದು ಅರ್ಥವಾಯಿತು. ಆ ಪಾಠ ಸಿಕ್ಕಿದ್ದು ಅವು ಅಕಸ್ಮಾತ್ ಪಕ್ಕಪಕ್ಕ ಬಿದ್ದಿದ್ದರಿಂದ.

ಇಂಥದ್ದೇ ಇನ್ನೊಂದು ಅಕಸ್ಮಾತ್ತು. ಮನ್ಸೂರರ ಒಂದೇ ಬೈಠಕ್ಕು ನನ್ನ ಎರಡು ಡಿಸ್ಕುಗಳಲ್ಲಿದೆ. ಒಂದರಲ್ಲಿ ಅರ್ಧ ಸ್ವರ ಮೇಲೆ, ಇನ್ನೊಂದರಲ್ಲಿ ಅರ್ಧ ಸ್ವರ ಕೆಳಗೆ. ಟೇಪು ಶೇಕಡಾ ಆರರಷ್ಟು ವೇಗವಾಗಿ ಓಡಿದರೆ ಸಾಕು, ಶ್ರುತಿ ಅರ್ಧ ಸ್ವರ ಏರುತ್ತದೆ, ಒಂದು ಗಂಟೆಯ ಗಾಯನ ಮೂರು ನಿಮಿಷಕ್ಕೂ ಹೆಚ್ಚು ಕುಗ್ಗುತ್ತದೆ. ವೇಗದ ಪ್ರತಿಯಲ್ಲಿ ತಾನುಗಳು ಮಿಂಚುತ್ತವೆ. ನಿಧಾನದ ಪ್ರತಿಯಲ್ಲಿ ಮಾತಿನ ನಡುವಿನ ಉಸಿರು ಕೇಳುತ್ತದೆ. ಮನ್ಸೂರರು ಎಷ್ಟು ಚುರುಕಾಗಿ ಹಾಡುತ್ತಿದ್ದರು ಎಂದು ನಾವು ತೀರ್ಪು ಕೊಡುವಾಗ ಅದರಲ್ಲಿ ಎಷ್ಟು ಪಾಲು ಯಾರದೋ ಮನೆಯ ಟೇಪ್‌ರೆಕಾರ್ಡರಿನ ಬೆಲ್ಟಿನದು ಎಂದು ಯೋಚಿಸುವಂತಾಯಿತು. ಒಂದೇ ಪ್ರತಿ ಇದ್ದಿದ್ದರೆ ಈ ಅನುಮಾನ ಬರುತ್ತಲೇ ಇರಲಿಲ್ಲ.

ಇಷ್ಟು ತಿಳಿದೂ ನಾನು ಒಂದು ರಾತ್ರಿ ಸ್ವಚ್ಛತೆಗೆ ಇಳಿದೆ. ಫೈಲುಗಳನ್ನು ತಾನೇ ಗುರುತಿಸಿ, ಹೆಸರು ತಿದ್ದಿ, ನಕಲುಗಳನ್ನು ಅಳಿಸಿ, ಕಲಾವಿದ-ಆಲ್ಬಮ್ ಎಂದು ಹೊಸ ಫೋಲ್ಡರುಗಳಲ್ಲಿ ಇಡುವ ತಂತ್ರಾಂಶವೊಂದನ್ನು ಆ ಹಿರಿಯರ ಡಿಸ್ಕಿನ ನಕಲಿನ ಮೇಲೆ ಓಡಿಸಿದೆ. ಬೆಳಗಾಗುವಷ್ಟರಲ್ಲಿ ಎಲ್ಲ ಸಾಲಾಗಿ ನಿಂತಿತ್ತು. ಅಳಿದು ಹೋಗಿದ್ದು ಅವರು ಫೋಲ್ಡರುಗಳಿಗೆ ಇಟ್ಟಿದ್ದ ಹೆಸರುಗಳು. ಇಂಗ್ಲಿಷ್ ಅಕ್ಷರಗಳಲ್ಲಿ ಕುಟ್ಟಿದ ಧಾರವಾಡದ ಕನ್ನಡ ಅದು. ನೆನಪಿನಲ್ಲಿ ಉಳಿದಿರುವ ಎರಡು ಇವು: 'ಕ್ಯಾಸೆಟ್ 43 ಬಿ, ಮಳಿ ಜೋರು, ತಬಲಾ ಕೇಳಂಗಿಲ್ಲ', 'ಎರಡನೇ ಸಲ ಇದಾ ರಾಗ, ಮೊದಲಿನಕಿಂತ ಛಲೋ'. ಯಾವ ಊರು, ಯಾರ ಮನೆ, ಯಾವ ವರ್ಷ, ಯಾರು ತಬಲಾ, ಎಲ್ಲ ಅಲ್ಲಿತ್ತು. ಫೈಲಿನೊಳಗಿನ ಚೀಟಿಯಲ್ಲಿ ಅಲ್ಲ, ಹೊರಗಿನ ಹೆಸರಿನಲ್ಲಿ. ಆ ಹಿರಿಯರು ಈಗ ಇಲ್ಲ. ಅವರ ಮೂಲ ಡಿಸ್ಕನ್ನು ಮನೆಯವರು ಪ್ರೀತಿಯಿಂದ ತಂದುಕೊಟ್ಟರು. ಅದು ಟಿಕ್ ಟಿಕ್ ಎನ್ನುತ್ತದೆ, ತೆರೆಯುವುದಿಲ್ಲ.

'ಮೊದಲಿನಕಿಂತ ಛಲೋ' ಎಂಬುದನ್ನು ನಾನು ವಿಮರ್ಶೆ ಎಂದೇ ಕರೆಯುತ್ತೇನೆ. ಎರಡು ಬೈಠಕ್ಕುಗಳಲ್ಲೂ ಕೂತು ಕೇಳಿದ ಮನುಷ್ಯ ಮಾತ್ರ ಬರೆಯಬಹುದಾದ ಸಾಲು ಅದು. ಸಂಗೀತದ ಬಗ್ಗೆ ನಾನು ಬರೆದ ಪುಟಗಳಲ್ಲಿ ಅಷ್ಟು ಅಧಿಕಾರದ ಸಾಲುಗಳು ಹೆಚ್ಚಿಲ್ಲ.

ಹಾಗೆಂದು ಅವ್ಯವಸ್ಥೆಯನ್ನು ಪೂಜಿಸಲಾರೆ. ರಾಗ, ತಾಳಗಳನ್ನೇ ವಿವರಗಳಾಗಿ ಇಟ್ಟುಕೊಂಡು ಸಂಗ್ರಹ ಕಟ್ಟಬಹುದೆಂದು ಬಾರ್ಸಿಲೋನಾದ ಪಾಂಪೆಯು ಫಾಬ್ರಾ ವಿಶ್ವವಿದ್ಯಾಲಯದ ಕಾಂಪ್‌ಮ್ಯೂಸಿಕ್ ಯೋಜನೆ ತೋರಿಸಿದೆ. ಹಿಂದೂಸ್ತಾನಿ, ಕರ್ನಾಟಕ ಎರಡೂ ಅದರಲ್ಲಿದ್ದವು. ಖಾನೆ ಬೇಕೆಂದರೆ ಖಾನೆ ಮಾಡಬಹುದು. ನಮ್ಮ ಡಿಸ್ಕುಗಳ ಅವ್ಯವಸ್ಥೆಯಲ್ಲಿ ದುರಾಸೆಯೂ ಇದೆ. ಅಪರೂಪದ ರಾಗ ಸಿಕ್ಕಿತೆಂದು ಕಾಪಿ ಮಾಡಿಕೊಂಡು, ಒಮ್ಮೆಯೂ ಕೇಳದೆ, ಇನ್ನೊಬ್ಬರಿಗೆ ಹೆಮ್ಮೆಯಿಂದ ದಾಟಿಸಿದವರಲ್ಲಿ ನಾನೂ ಒಬ್ಬ. ಬೈಠಕ್ಕಿನಲ್ಲಿ ಹಾಡಿದವರು ಇದು ಹೀಗೆ ಕೈಯಿಂದ ಕೈಗೆ ಹೋಗಲಿ ಎಂದು ಒಪ್ಪಿದ್ದರೇ ಎಂಬ ಪ್ರಶ್ನೆಯನ್ನು ನಾವ್ಯಾರೂ ಜೋರಾಗಿ ಕೇಳಿಕೊಂಡಿಲ್ಲ. ಸಾವಿರಾರು ಗಂಟೆ ಇಟ್ಟುಕೊಂಡವನು ಆ ಒಂದು ಗಂಟೆಗೆ ಋಣಿ ಎಂದು ಅಂದುಕೊಳ್ಳುವುದು ಕಷ್ಟ.

ಈಗ ಮಾಡುತ್ತಿರುವುದು ಇಷ್ಟು. ಯಾವ ಫೋಲ್ಡರಿನ ಹೆಸರನ್ನೂ ತಿದ್ದುವುದಿಲ್ಲ. ಮೊದಲು ನಾಲ್ಕೂ ಡಿಸ್ಕುಗಳ ಫೈಲುಪಟ್ಟಿಯನ್ನು ಹೇಗಿದೆಯೋ ಹಾಗೆ ಒಂದು ಟೆಕ್ಸ್ಟ್ ಫೈಲಿನಲ್ಲಿ ಇಳಿಸಿಟ್ಟಿದ್ದೇನೆ; ತಪ್ಪು ಕಾಗುಣಿತವೂ ಯಾರದೋ ಕೈಯ ಗುರುತು. ನಂತರ, ದಿನಕ್ಕೆ ಒಂದು ಮುದ್ರಣ ಪೂರ್ತಿ ಕೇಳಿ, ಅದರ ಪಕ್ಕ ಒಂದು ಸಾಲು ಬರೆಯುತ್ತೇನೆ. ಹೊತ್ತು ಯಾವುದು, ಹಿಂದೆ ಯಾರು ಕೆಮ್ಮಿದರು, ಯಾವ ಸಮ್‌ಗೆ ಯಾರು ವಾಹ್ ಎಂದರು. ಹಿರಿಯರ ಡಿಸ್ಕಿನಲ್ಲಿ ಮಳೆಯ ಸದ್ದಿರುವ ಒಂದು ಮುದ್ರಣವನ್ನು ಹುಡುಕುತ್ತಿದ್ದೇನೆ. ಟ್ಯಾಗಿನ ಪ್ರಕಾರ ಅದು ಯಾವ ಹೆಸರಿನಡಿಗಾದರೂ ಇರಬಹುದು. ಬಹುಶಃ ಅನ್‌ನೋನ್ ಆರ್ಟಿಸ್ಟಿನದೇ ಇರಬೇಕು. ಇಲ್ಲಿಯವರೆಗೆ ಮಳೆ ಬಂದಿಲ್ಲ. ಆದರೆ ಅದನ್ನು ಹುಡುಕುತ್ತ, ಹತ್ತು ವರ್ಷ ಮುಟ್ಟದೇ ಇದ್ದ ಆರು ಮುದ್ರಣಗಳನ್ನು ಈ ವಾರ ಕೊನೆಯವರೆಗೂ ಕೇಳಿದೆ.